ಜಡತ್ವ, ಫೋರ್ಸ್, ಆಕ್ಸಿಲರೇಷನ್: ಪಾಠ ಎಲ್ಲಿ ಕೈ ಕೊಟ್ಟಿದೆ ಅಂತ ಹಿಡಿಯುದು ಹೇಗೆ

ಯೂನಿಟ್ ಟೆಸ್ಟಲ್ಲಿ 20ಕ್ಕೆ 18 ತಗೊಂಡ ಹುಡುಗಿ, ಎಂಟನೇ ಕ್ಲಾಸ್, ನ್ಯೂಟನ್‌ನ ಮೊದಲ ನಿಯಮ ಕೇಳಿದ್ರೆ (ಹೊರಗಿಂದ ಬಲ ಬೀಳದಿದ್ರೆ ನಿಂತದ್ದು ನಿಂತೇ ಇರ್ತದೆ, ಹೋಗುದು ನೇರ ಒಂದೇ ಸಮ ಹೋಗ್ತಾ ಇರ್ತದೆ ಅಂತ) ಉಸಿರು ಬಿಡದೆ ಒಪ್ಪಿಸ್ತಾಳೆ. ಅವತ್ತು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹಾಲಲ್ಲಿ ಕ್ಯಾರಂ ಬೋರ್ಡ್ ಹಾಕಿದ್ದೆ, ಸ್ಟ್ರೈಕರ್ ಒಂದು ತಳ್ಳಿ ಅದು ಇನ್ನೂ ಹೋಗ್ತಾ ಇರುವಾಗಲೇ "ಈಗ ಇದರ ಮೇಲೆ ಯಾವ್ಯಾವ ಬಲ ಉಂಟು ಹೇಳು" ಅಂದೆ. "ನೀವು ಕೊಟ್ಟ ಫೋರ್ಸ್ ಉಂಟಲ್ಲ ಟೀಚರ್, ಅದು ಖಾಲಿ ಆಗುವ ತನಕ ಹೋಗ್ತದೆ, ಖಾಲಿ ಆದ್ಮೇಲೆ ನಿಲ್ತದೆ" ಅಂದ್ಲು. ಮೊಬೈಲ್ ಚಾರ್ಜಿನ ಹಾಗೆ. 18 ಮಾರ್ಕ್ಸ್ ಎಲ್ಲಿಂದ ಬಂತು ಅಂತ ನಾನು ತಲೆ ಕೆರೆದುಕೊಂಡೆ.

ಮೊದಲೆಲ್ಲ ನಾನು ಎಂತ ಮಾಡ್ತಿದ್ದೆ ಅಂದ್ರೆ ಪಾಠ ಪುನಃ ಮಾಡ್ತಿದ್ದೆ, ಅದೇ ಪಾಠ, ಸ್ವಲ್ಪ ಜೋರು ಸ್ವರದಲ್ಲಿ. ಏನೂ ಪ್ರಯೋಜನ ಇಲ್ಲ. ಮಿಕ್ಸಿ ಓಡದಿದ್ರೆ ಸ್ವಿಚ್ಚನ್ನ ಹತ್ತು ಸಲ ಒತ್ತಿದ ಹಾಗೆ ಅದು. ರಿಪೇರಿಯವನು ಬಂದ್ರೆ ಮೊದಲು ಪ್ಲಗ್ಗಲ್ಲಿ ಕರೆಂಟ್ ಉಂಟಾ ನೋಡ್ತಾನೆ, ಆಮೇಲೆ ವೈರ್, ಆಮೇಲೆ ಓವರ್‌ಲೋಡ್ ಬಟನ್, ಕಡೆಗೆ ಮೋಟಾರ್. ಈ ಪಾಠಕ್ಕೂ ಹಾಗೇ ಒಂದು ಕ್ರಮ ಬೇಕು ಅಂತ ನನಗೆ ಗೊತ್ತಾಗ್ಲಿಕ್ಕೆ ಐದಾರು ಬ್ಯಾಚ್ ಹೋಯ್ತು. ನಮ್ಮಲ್ಲಿ ಬರುವ ಮಕ್ಕಳು ಬೇರೆ ಬೇರೆ ಕಡೆಯವರು, ಮನೆಯಲ್ಲಿ ತುಳು, ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ, ಬಿಲ್ಡಿಂಗ್ ಕೆಳಗೆ ಹಿಂದಿ, ಕಲಬುರಗಿ ಕಡೆಯ ಮೂರು ಮಕ್ಕಳು ಅಚ್ಚ ಕನ್ನಡ. ಅರ್ಧ ಗೊಂದಲ ಈ ಭಾಷೆಗಳ ಸಂದಿಯಲ್ಲೇ ಹುಟ್ಟುದು, ಅದನ್ನ ಮುಂದೆ ಹೇಳ್ತೇನೆ.

ರಿಪೇರಿಗೆ ಕೈ ಹಾಕುವ ಮುಂಚೆ

ಮೂರು ಪ್ರಶ್ನೆ ಕೇಳಿ, ಹತ್ತು ನಿಮಿಷ ಸಾಕು. ಡೆಫಿನಿಷನ್ ಕೇಳ್ಬೇಡಿ, ಅದು ಬರ್ತದೆ, ಅದು ಬರುದೇ ತೊಂದರೆ.

ಒಂದು, ನಾಣ್ಯ ಮೇಲೆ ಎಸೆದಿದ್ದೇವೆ, ಕೈ ಬಿಟ್ಟಾಗಿದೆ, ಅದು ಇನ್ನೂ ಮೇಲೆ ಹೋಗ್ತಾ ಉಂಟು, ಅರ್ಧ ದಾರಿಯಲ್ಲಿ ಅದರ ಮೇಲಿರುವ ಬಲಗಳಿಗೆ ಬಾಣ ಹಾಕು. ಎರಡು, ಲೋಕಲ್ ಟ್ರೈನು ನೇರ ಹಳಿಯಲ್ಲಿ ಒಂದೇ ಸಮ 80 ಕಿಮೀ ಸ್ಪೀಡಲ್ಲಿ ಹೋಗ್ತಾ ಉಂಟು, ಎಲ್ಲ ಬಲ ಕೂಡಿಸಿ ಕಳೆದ್ರೆ ಎಷ್ಟು ಉಳೀತದೆ? ಮೂರು, ಹಗ್ಗದಲ್ಲಿ ಎರಡು ಎಣ್ಣೆ ಕ್ಯಾನ್ ನೇತು ಹಾಕಿದೆ, ಒಂದರಲ್ಲಿ ತುಂಬ ನೀರು, ಇನ್ನೊಂದು ಖಾಲಿ, ಎರಡೂ ಒಂದೇ ಸ್ಪೀಡಲ್ಲಿ ತೂಗ್ತಾ ಬರ್ತಾ ಉಂಟು, ಯಾವುದನ್ನ ಕೈಯಲ್ಲಿ ನಿಲ್ಲಿಸ್ಲಿಕ್ಕೆ ಕಷ್ಟ, ಯಾಕೆ?

ಮೊದಲನೇದರಲ್ಲಿ ಮೇಲ್ಮುಖ ಬಾಣ ಬಂದ್ರೆ ದೋಷ "ಒಳಗಿನ ಫೋರ್ಸ್". ನಮ್ಮಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಆ ಬಾಣ ಹಾಕ್ತಾರೆ. ಬೇಜಾರು ಮಾಡ್ಕೊಳ್ಬೇಡಿ, 1982ರಲ್ಲಿ ಜಾನ್ ಕ್ಲೆಮೆಂಟ್ ಅನ್ನುವವರು ಅಮೆರಿಕದಲ್ಲಿ ಇಂಜಿನಿಯರಿಂಗ್ ಹುಡುಗರಿಗೇ ಈ ನಾಣ್ಯದ ಪ್ರಶ್ನೆ ಕೊಟ್ಟಾಗ ಅಲ್ಲೂ ಹೆಚ್ಚಿನವರು ಇದೇ ಬಾಣ ಹಾಕಿದ್ರು. ಎರಡನೇದಕ್ಕೆ "ಮುಂದಕ್ಕೆ ತುಂಬಾ ಬಲ" ಅಂದ್ರೆ ಎಂಜಿನ್ನಿನ ಬಲ ಮತ್ತು ಒಟ್ಟು ಬಲ ಎರಡೂ ಮಗುವಿಗೆ ಒಂದೇ ಆಗಿದೆ. ಮೂರನೇದಕ್ಕೆ "ಭಾರ ಉಂಟಲ್ಲ ಅದಕ್ಕೆ" ಅಂದ್ರೆ ಜಡತ್ವದ (ವಸ್ತು ಇದ್ದ ಹಾಗೇ ಇರುವ ಗುಣದ) ವೈರು ತೂಕದ ವೈರಿಗೆ ತಾಗಿ ಶಾರ್ಟ್ ಆಗಿದೆ. ಮೂರೂ ಸರಿ ಬಂದು ಲೆಕ್ಕ ಮಾತ್ರ ತಪ್ಪುದಾದ್ರೆ ಖುಷಿ ಪಡಿ, ಅದು ಬರೇ ಗಣಿತ.

ಲಕ್ಷಣ: "ಬಾಲ್ ಫೋರ್ಸಲ್ಲಿ ಬಂತು"

ಎಲ್ಲದರ ತಾಯಿಬೇರು ಇದು. ಮಗುವಿನ ಬಾಯಲ್ಲಿ ಫೋರ್ಸ್ ಅನ್ನುವ ಶಬ್ದ ಎಲ್ಲಿ ಎಲ್ಲಿ ಬರ್ತದೆ ಅಂತ ಒಂದು ವಾರ ಕಿವಿ ಕೊಟ್ಟು ಕೇಳಿ. "ನಲ್ಲಿಯಲ್ಲಿ ನೀರು ಫೋರ್ಸಾಗಿ ಬರ್ತಿಲ್ಲ ಅಮ್ಮಾ", "ಗಾಳಿ ಏನು ಫೋರ್ಸ್ ಮಾರಾಯ", "ಬಾಲ್ ಫೋರ್ಸಾಗಿ ಬಂದು ಮೂಗಿಗೆ ಬಿತ್ತು". ನೀರು ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ಬರುವ ಬಿಲ್ಡಿಂಗಲ್ಲಿ ಬೆಳೆದ ಮಗು ದಿನಾ ಬೆಳಿಗ್ಗೆ ಎದ್ದು ಕೇಳುದೇ ಈ ಶಬ್ದ. ಹಾಗಾದ್ರೆ ಫೋರ್ಸ್ ಅಂದ್ರೆ ಅದಕ್ಕೆ ಎಂತ? ಹೋಗುವ ವಸ್ತುವಿನ ಒಳಗೆ ಇರುವ ಜೋರು. ಹೋದ್ರೆ ಉಂಟು, ನಿಂತ್ರೆ ಇಲ್ಲ. ನಾವು ಬೋರ್ಡಲ್ಲಿ ಬಲ ಅಂತ ಬರೆದು ಬಲ ಅಂದ್ರೆ ತಳ್ಳುದು ಎಳೆಯುದು ಅಂತ ಒಂದು ಸಾಲು ಹೇಳಿ ಮುಂದೆ ಹೋದ್ರೆ ಹತ್ತು ವರ್ಷದ ನಲ್ಲಿ ನೀರಿನ ಮುಂದೆ ಆ ಒಂದು ಸಾಲು ನಿಲ್ತದಾ?

ಮೊದಲ ರಿಪೇರಿ ಭಾಷೆಯದ್ದು. ಫೋರ್ಸ್ ಅಂತ ಹೇಳಿದಾಗೆಲ್ಲ "ಯಾರು, ಯಾರ ಮೇಲೆ?" ಅಂತ ಕೇಳಿ. ಬೋರ್ಡು ಸ್ಟ್ರೈಕರ್ ಮೇಲೆ, ಭೂಮಿ ಸ್ಟ್ರೈಕರ್ ಮೇಲೆ, ಬೆರಳು ಸ್ಟ್ರೈಕರ್ ಮೇಲೆ. ಎರಡು ಹೆಸರು ಸಿಗದಿದ್ರೆ ಅದು ಬಲ ಅಲ್ಲ, ಅಳಿಸಿ. ಬೆರಳು ಈಗ ಎಲ್ಲಿ ಉಂಟು? ನನ್ನ ಕೈಯಲ್ಲಿ. ಸ್ಟ್ರೈಕರನ್ನ ಮುಟ್ಟಿದೆಯಾ? ಇಲ್ಲ. ಹಾಗಾದ್ರೆ ಆ ಬಾಣ ಹೋಯ್ತು. ಮುಟ್ಟದೆ ಎಳೆಯುವವರು ನಮ್ಮ ಕ್ಲಾಸಲ್ಲಿ ಭೂಮಿ ಮತ್ತೆ ಮ್ಯಾಗ್ನೆಟ್ ಇಬ್ಬರೇ ಅಂತ ಸದ್ಯಕ್ಕೆ ಇಟ್ಕೊಳ್ಳಿ. ಇಲ್ಲಿ ನಾನೇ ಮಾಡ್ತಿದ್ದ ಒಂದು ತಪ್ಪು ಹೇಳ್ಬೇಕು, "ಯಾವ ಬಲ ಇದನ್ನ ಮುಂದೆ ಕೊಂಡೋಗ್ತಾ ಉಂಟು" ಅಂತ ಕೇಳ್ತಿದ್ದೆ, ಪ್ರಶ್ನೆಯೇ ಹಾಗಿದ್ರೆ ಮಗು ಪಾಪ ಒಂದು ಬಲ ಹುಡುಕಿ ಕೊಡ್ತದೆ, ಟೀಚರ್ ಕೇಳಿದ್ದಾರಲ್ಲ ಅಂತ. "ಈಗ ಇದನ್ನ ಯಾರ್ಯಾರು ಮುಟ್ತಾ ಇದ್ದಾರೆ" ಅಂತ ಕೇಳಿ.

ಎರಡನೇ ರಿಪೇರಿ ಹೆಚ್ಚಿನವರು ಬಿಟ್ಟುಬಿಡ್ತಾರೆ, ನನ್ನ ಪ್ರಕಾರ ಅದೇ ಮುಖ್ಯ. ಆ ಹುಡುಗಿ ಹೇಳಿದ್ರಲ್ಲಿ ಒಂದು ಸತ್ಯ ಉಂಟು. ಓಡುವ ಸ್ಟ್ರೈಕರಲ್ಲಿ ನಿಂತ ಸ್ಟ್ರೈಕರಲ್ಲಿ ಇಲ್ಲದ ಏನೋ ಒಂದು ಉಂಟು, ಬಡಿದ್ರೆ ಕಾಯಿ ಹಾರ್ತದಲ್ಲ. ಅದನ್ನ ನಾವು "ಇಲ್ಲ ತಪ್ಪು" ಅಂತ ಕಿತ್ತುಕೊಂಡ್ರೆ ಮಗು ಬಿಟ್ಟು ಕೊಡುದಿಲ್ಲ, ಪರೀಕ್ಷೆಗೆ ಒಂದು ಉತ್ತರ ಮನಸ್ಸಿಗೆ ಒಂದು ಉತ್ತರ ಇಟ್ಕೊಳ್ತದೆ. ಅದರ ಬದಲು ಆ ಒಳಗಿನ ಸಾಮಾನಿಗೆ ಒಂದು ಹೆಸರು ಕೊಡಿ: ಮೊಮೆಂಟಮ್, ನಮ್ಮ ಪುಸ್ತಕದ ಸಂವೇಗ. ರಾಶಿ (ಮಾಸ್) ಗುಣಿಸು ವೇಗ, ಅಷ್ಟೇ, ಲೆಕ್ಕ ಬೇಡ. "ನೀನು ಹೇಳಿದ್ದು ಉಂಟು ಮಗಾ, ಆದ್ರೆ ಅದರ ಹೆಸರು ಸಂವೇಗ. ಬಲ ಅಂದ್ರೆ ಅದನ್ನ ಹೆಚ್ಚು ಕಮ್ಮಿ ಮಾಡುವವನು." ಫೋರ್ಸ್ ಅನ್ನುವ ಶಬ್ದ ಆಗ ಫ್ರೀ ಆಗ್ತದೆ. ಸಂವೇಗ ಒಂಬತ್ತನೇ ಕ್ಲಾಸಿನ ಚಲನೆಯ ನಿಯಮಗಳಲ್ಲಿ ಬರುದು, ಎಂಟರಲ್ಲೇ ಯಾಕೆ ಅಂತ ಒಬ್ಬರು ಪೇರೆಂಟ್ ನನ್ನನ್ನ ಕೇಳಿದ್ರು, ಹೆಸರು ಇಡ್ಲಿಕ್ಕೆ ಒಂಬತ್ತರ ತನಕ ಕಾಯ್ಬೇಕಾ ಅಂದೆ. 14ನೇ ಶತಮಾನದ ಪ್ಯಾರಿಸ್‌ನಲ್ಲಿ ಜಾನ್ ಬುರಿಡಾನ್ ಅನ್ನುವ ಪಂಡಿತರೂ ನಮ್ಮ ಹುಡುಗಿಯ ಹಾಗೇ ಯೋಚನೆ ಮಾಡಿದ್ದು, ಎಸೆದವನು ಕಲ್ಲಿನೊಳಗೆ ಏನೋ ತುಂಬಿಸಿ ಬಿಡ್ತಾನೆ ಅಂತ, ಅದಕ್ಕೆ ಇಂಪೆಟಸ್ ಅಂತ ಹೆಸರಿಟ್ಟಿದ್ರು. ಅಲ್ಲಿಂದ ನ್ಯೂಟನ್ 1687ರಲ್ಲಿ ಬರೆಯುವ ತನಕ ಮುನ್ನೂರು ವರ್ಷದ ಹತ್ತಿರ ಆಯ್ತು. ನಮಗೆ ಕೊಟ್ಟದ್ದು ಎಂಟು ಪೀರಿಯಡ್.

ಮೂರನೇದು ಪೌಡರ್. ಮಗುವಿನ ಎದುರು ವಾದ ಯಾವಾಗ್ಲೂ "ತಳ್ಳುದು ಬಿಟ್ರೆ ನಿಲ್ತದಲ್ಲ ಟೀಚರ್", ಮತ್ತೆ ಅದು ನಿಜ, ದಾದರ್ ಮಾರ್ಕೆಟಲ್ಲಿ ಕೈಗಾಡಿ ತಳ್ಳುವವನು ಕೈ ಬಿಟ್ರೆ ಗಾಡಿ ನಿಲ್ತದೆ. ಸ್ಟ್ರೈಕರ್‌ಗೆ ಪ್ರತಿ ಸಲ ಒಂದೇ ಸ್ಪೀಡು ಸಿಗ್ಲಿಕ್ಕೆ ಫುಟ್ ಪಟ್ಟಿಯನ್ನ ಎರಡು ಪುಸ್ತಕದ ಮೇಲೆ ಓರೆ ಇಟ್ಟು ಅದರ ಮೇಲಿಂದ ಜಾರಿಸಿ. ಬೋರ್ಡ್ ಮೇಲೆ ಹಳೇ ಚಾದರ ಹಾಸಿದ್ರೆ ಒಂದು ಗೇಣಿಗೆ ನಿಲ್ತದೆ, ಬರೇ ಬೋರ್ಡಲ್ಲಿ ಮೂರು ಗೇಣು, ಬೋರಿಕ್ ಪೌಡರ್ ಹಾಕಿದ್ರೆ ಆಚೆ ಪಟ್ಟಿಗೆ ಬಡಿದು ವಾಪಸ್. ಈಗ ಕೇಳಿ: ಪಟ್ಟಿ ಇಲ್ಲ, ಬೋರ್ಡ್ ಮುಗಿಯುದೇ ಇಲ್ಲ, ಪೌಡರ್ ಇನ್ನೂ ಇನ್ನೂ ನಯ ಆದ್ರೆ? ಇಲ್ಲಿ ಬಾಯಿ ಮುಚ್ಚಿ ಕೂತ್ಕೊಳ್ಳಿ. ಉತ್ತರ ನೀವು ಹೇಳಿದ್ರೆ ಪೌಡರ್ ದಂಡ. ಗೆಲಿಲಿಯೋ ಇಳಿಜಾರು ಹಲಗೆ ಇಟ್ಟುಕೊಂಡು ಮಾಡಿದ ಯೋಚನೆಯೂ ಇದೇ ದಾರಿಯದ್ದು.

ಡೆಮೋನೇ ಕೈ ಕೊಡುವ ಎರಡು ಜಾಗ ಉಂಟು. ಜುಲೈ ತಿಂಗಳಲ್ಲಿ ಪೌಡರ್ ತೇವ ಹಿಡಿದು ಮುದ್ದೆ ಆಗ್ತದೆ, ಆಗ ಪೌಡರ್ ಹಾಕಿದ ಬೋರ್ಡಲ್ಲೇ ಸ್ಟ್ರೈಕರ್ ಮೊದಲು ನಿಲ್ತದೆ, ನಾನು ಹೀಗೆ ಒಂದು ಸಲ ಇಪ್ಪತ್ತು ಮಕ್ಕಳ ಮುಂದೆ ಮರ್ಯಾದೆ ಕಳ್ಕೊಂಡಿದ್ದೇನೆ. ಬೋರ್ಡ್ ಮೇಲೆ ಹಳೇ ಕಾಲದ ಬಿಸಿ ಆಗುವ ಬಲ್ಬ್ ಸ್ವಲ್ಪ ಹೊತ್ತು ನೇತು ಹಾಕಿ, ಒಣಗ್ತದೆ. ಎರಡನೇದು, ನೆಲದ ಮೇಲೆ ಗೋಲಿ ಉರುಳಿಸುವವರು ಟೈಲ್ಸ್ ಓರೆ ಉಂಟಾ ನೋಡಿ. ನಮ್ಮ ಹಳೇ ಬಿಲ್ಡಿಂಗುಗಳಲ್ಲಿ ಗೋಲಿ ತನ್ನಷ್ಟಕ್ಕೆ ಸ್ಪೀಡ್ ತಗೊಳ್ತದೆ, ಮಕ್ಕಳು "ಒಳಗಿನ ಫೋರ್ಸ್ ಜಾಸ್ತಿ ಆಯ್ತು" ಅಂತಾರೆ. ಎರಡೂ ದಿಕ್ಕಲ್ಲಿ ಉರುಳಿಸಿ ನೋಡಿದ್ರೆ ಗೊತ್ತಾಗ್ತದೆ.

ಇಷ್ಟಾದ್ಮೇಲೂ ನಂಬದ ಮಕ್ಕಳಿಗೆ ವೋಯೇಜರ್ 1. 1977ರ ಸೆಪ್ಟೆಂಬರಲ್ಲಿ ಹಾರಿಸಿದ್ದು, ಇವತ್ತೂ ಸೆಕೆಂಡಿಗೆ ಸುಮಾರು 17 ಕಿಮೀ ಹೋಗ್ತಾ ಉಂಟು, ಅಂದ್ರೆ ಮುಂಬೈಯಿಂದ ಪುಣೆಗೆ 9 ಸೆಕೆಂಡು. "ಪೆಟ್ರೋಲ್ ಎಷ್ಟು ಹಾಕಿದ್ರು?" ಅಂತ ಒಬ್ಬ ಕೇಳಿದ. ಮುಂದೆ ತಳ್ಳಲಿಕ್ಕೆ ಏನೂ ಉರೀತಾ ಇಲ್ಲ, ಇರುವ ಸಣ್ಣ ಥ್ರಸ್ಟರುಗಳು ಆಂಟೆನಾ ಭೂಮಿ ಕಡೆ ತಿರುಗಿಸಿ ಇಡ್ಲಿಕ್ಕೆ ಮಾತ್ರ. ಅವನು ತುಂಬ ಹೊತ್ತು ಸುಮ್ಮನೆ ಕೂತಿದ್ದ.

ಲಕ್ಷಣ: "ಜಡತ್ವ ನಮ್ಮನ್ನ ಮುಂದೆ ತಳ್ಳಿತು"

ಈ ದೋಷ ಮಕ್ಕಳು ತಂದದ್ದಲ್ಲ, ನಾವು ಕೊಟ್ಟದ್ದು. ಮುಂಬೈಯ ಬೆಸ್ಟ್ ಕಂಪೆನಿಯ ಬಸ್ಸು ಬ್ರೇಕ್ ಹಾಕ್ತದೆ, ನಿಂತವರು ಮುಂದೆ ಬೀಳ್ತಾರೆ, "ಯಾಕೆ?" "ಜಡತ್ವದಿಂದ", ವೆರಿ ಗುಡ್, ಕೂತ್ಕೋ. ಮುಂದಿನ ಪರೀಕ್ಷೆಯಲ್ಲಿ "ಜಡತ್ವದ ಬಲದಿಂದ ಪ್ರಯಾಣಿಕರು ಬೀಳುತ್ತಾರೆ" ಅಂತ ಬರ್ತದೆ. ಪುನಃ ಅದೇ ಪ್ರಶ್ನೆ, ಯಾರು ಯಾರ ಮೇಲೆ? ಜಡತ್ವ ಎಲ್ಲಿ ನಿಂತು ತಳ್ಳಿತು? ಯಾರೂ ತಳ್ಳಲಿಲ್ಲ. ಬಸ್ಸಿನ ನೆಲ ಚಪ್ಪಲಿಯನ್ನ ಹಿಂದಕ್ಕೆ ಹಿಡಿಯಿತು, ಕಾಲು ನಿಧಾನ ಆಯ್ತು, ಹೊಟ್ಟೆಯಿಂದ ಮೇಲಿನ ಭಾಗವನ್ನ ಯಾರೂ ಹಿಡಿಯಲಿಲ್ಲ, ಅದು ಹೋಗ್ತಿದ್ದ ಹಾಗೇ ಹೋಯ್ತು. ಅದಕ್ಕೇ ಕಂಬ ಹಿಡಿದವರು ಬೀಳುದಿಲ್ಲ, ಕಂಬ ಅವರ ಕೈ ಮೇಲೆ ಹಿಂದಕ್ಕೆ ಬಲ ಹಾಕ್ತದೆ. ಮಗುವಿನ ಹತ್ರ ಕಂಬದ ಬಾಣ ಹಾಕಿಸಿ, ಆ ಬಾಣ ಹಿಂದಕ್ಕೆ ಬಂದದ್ದು ನೋಡಿದಾಗ ಮುಖದಲ್ಲಿ ಒಂದು ಬದಲಾವಣೆ ಕಾಣ್ತದೆ.

ಶಬ್ದದ ತೊಂದರೆ ಇಲ್ಲಿ ಎರಡು ಪಟ್ಟು. ಕನ್ನಡದಲ್ಲಿ ಜಡ ಅಂದ್ರೆ ಸೋಮಾರಿತನ, ಮೈ ಜಡ ಹಿಡಿದಿದೆ ಅಂತೇವೆ, ಹಾಗಾಗಿ ಜಡತ್ವ ನಿಂತ ವಸ್ತುವಿಗೆ ಮಾತ್ರ ಅಂತ ಕನ್ನಡ ಮಗು ಅಂದಾಜು ಮಾಡ್ತದೆ. ಮರಾಠಿಯಲ್ಲಿ ಜಡ ಅಂದ್ರೆ ಭಾರ, ತರಕಾರಿ ಚೀಲ ಎತ್ತಿ "ಕಿತೀ ಜಡ ಆಹೇ" ಅಂತಾರಲ್ಲ ಅದೇ, ಹಾಗಾಗಿ ಮರಾಠಿ ಕೇಳಿ ಬೆಳೆದ ಮಗುವಿಗೆ ಜಡತ್ವ ಅಂದ್ರೆ ತೂಕ. ನಮ್ಮಲ್ಲಿ ಒಂದೇ ಬೆಂಚಲ್ಲಿ ಎರಡೂ ಜಾತಿಯ ತಪ್ಪು ಕೂತಿರ್ತದೆ, ಟೀಚರಿಗೆ ಎರಡೂ ಒಂದೇ ತಪ್ಪಿನ ಹಾಗೆ ಕಾಣ್ತದೆ, ಆದ್ರೆ ಔಷಧ ಬೇರೆ.

ಸೋಮಾರಿತನದ ಕೇಸಿಗೆ ಮುಂಬೈಯಲ್ಲಿ ಊಟದ ಡಬ್ಬಿ ಹಂಚುವ ಡಬ್ಬಾವಾಲಾ ಸಾಕು. ಚರ್ಚ್‌ಗೇಟ್ ಸ್ಟೇಷನ್ ಹೊರಗೆ ಡಬ್ಬಿ ತುಂಬಿದ ಗಾಡಿಯನ್ನ ಹೊರಡಿಸುವಾಗ ಅವನು ಬೆನ್ನು ಬಗ್ಗಿಸಿ ತಳ್ತಾನೆ, ಹೊರಟ ಮೇಲೆ ಹಗುರ ಕೈ, ನಿಲ್ಲಿಸುವಾಗ ಪುನಃ ಹಿಮ್ಮಡಿ ಊರಿ ಹಿಂದಕ್ಕೆ ಜಗ್ಗಬೇಕು. ಸೋಮಾರಿ ಗಾಡಿ ಆಗಿದ್ರೆ ನಿಲ್ಲಲಿಕ್ಕೆ ಖುಷಿ ಪಡ್ಬೇಕಿತ್ತು. ಇದ್ದ ಹಾಗೆ ಇರುವ ಹಠ ಅಂತ ನಾನು ಹೇಳ್ತೇನೆ, ನಿಂತ್ರೆ ನಿಂತೇ ಹಠ, ಹೋದ್ರೆ ಹೋಗುದೇ ಹಠ.

ಭಾರದ ಕೇಸಿಗೆ ಆ ಎರಡು ಕ್ಯಾನ್. 5 ಲೀಟರಿನ ಎಣ್ಣೆ ಕ್ಯಾನ್ ಎರಡು, ಒಂದರಲ್ಲಿ ನೀರು ತುಂಬಿಸಿ ಎರಡನ್ನೂ ಒಂದೇ ಉದ್ದದ ಹಗ್ಗದಲ್ಲಿ ಟೆರೇಸಿನ ಪೈಪಿಗೆ ಕಟ್ಟಿ. ತೂಕ ಪೂರಾ ಹಗ್ಗ ಹಿಡಿದಿದೆ, ನೀವು ಎತ್ತಬೇಕಾಗಿಲ್ಲ. ಈಗ ಮಗುವಿನ ಕಣ್ಣು ಕಟ್ಟಿ, ಸುಮ್ಮನೆ ನೇತಾಡುವ ಕ್ಯಾನಿನ ಬದಿಗೆ ಒಂದು ಬೆರಳಲ್ಲಿ ತಟ್ಟಲಿಕ್ಕೆ ಹೇಳಿ. ಯಾವುದು ತುಂಬಿದ್ದು ಅಂತ ತಕ್ಷಣ ಹೇಳ್ತದೆ. ಅಡ್ಡಕ್ಕೆ ತಳ್ಳಿದ್ರೂ ಹಠ ಉಂಟು, ತೂಕ ಇರುದು ಕೆಳಗೆ. ಅಷ್ಟೇ, ಇದಕ್ಕಿಂತ ಹೆಚ್ಚು ಮಾತು ಬೇಡ. ಬಾಟಲಿ ಸಣ್ಣದಾದ್ರೆ ವ್ಯತ್ಯಾಸ ಗೊತ್ತಾಗುದಿಲ್ಲ, ಮತ್ತೆ ನೀರು ಅರ್ಧ ತುಂಬಿಸ್ಬೇಡಿ, ಕುಲುಕಾಡಿ ಬೇರೆಯೇ ಗಲಾಟೆ ಆಗ್ತದೆ.

ಲಕ್ಷಣ: ನಾಣ್ಯ ಲೋಟಕ್ಕೆ ಬಿತ್ತು, ಚಪ್ಪಾಳೆ ಬಿತ್ತು, ಅರ್ಥ ಆಗಲಿಲ್ಲ

ಲೋಟದ ಮೇಲೆ ಪೋಸ್ಟ್ ಕಾರ್ಡ್, ಅದರ ಮೇಲೆ ನಾಣ್ಯ, ಕಾರ್ಡ್ ಚಿಮ್ಮಿಸಿದ್ರೆ ನಾಣ್ಯ ಲೋಟದೊಳಗೆ. ಎಲ್ಲ ಶಾಲೆಯಲ್ಲೂ ಮಾಡ್ತಾರೆ, ನಾನೂ ಮಾಡಿ ಮೀಸೆ ಇಲ್ಲದಿದ್ರೂ ತಿರುವಿದ್ದೆ. ಆಗ ಕಲಬುರಗಿ ಹುಡುಗ ಎದ್ದು ಕಾರ್ಡನ್ನ ನಿಧಾನ ಎಳೆದ, ನಾಣ್ಯ ಕಾರ್ಡಿನ ಜೊತೆಗೇ ಬಂತು. "ಈಗ ಜಡತ್ವ ಸೂಟಿ ಮ್ಯಾಲ ಹೋಗೇತೇನ್ರಿ ಟೀಚರ್?"

ಇದಕ್ಕೆ ಉತ್ತರ ಗೊತ್ತಿಲ್ಲದೆ ಈ ಡೆಮೋ ಮಾಡ್ಬೇಡಿ. ಜಡತ್ವ ಎರಡು ಸಲವೂ ಅಷ್ಟೇ ಇತ್ತು, ನಾಣ್ಯ ಅದೇ ಅಲ್ವಾ. ಕಾರ್ಡು ನಾಣ್ಯದ ಮೇಲೆ ಹಾಕ್ಲಿಕ್ಕೆ ಆಗುವ ಘರ್ಷಣೆ ಬಲಕ್ಕೆ ಒಂದು ಮಿತಿ ಉಂಟು. ಕಾಗದ ಮತ್ತು ಲೋಹದ ನಡುವೆ ಆ ಮಿತಿ ನಾಣ್ಯದ ತೂಕದ ಮೂರನೇ ಒಂದು ಭಾಗದ ಹತ್ತಿರ ಅಂತ ಇಟ್ಕೊಂಡ್ರೆ, ನಾಣ್ಯಕ್ಕೆ ಸಿಗುವ ವೇಗೋತ್ಕರ್ಷ (ಆಕ್ಸಿಲರೇಷನ್, ಅಂದ್ರೆ ವೇಗ ಬದಲಾಗುವ ದರ) ಹೆಚ್ಚೆಂದ್ರೆ 3 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಕಾರ್ಡನ್ನ ಅದಕ್ಕಿಂತ ಮೆತ್ತಗೆ ಎಳೆದ್ರೆ ನಾಣ್ಯ ಆರಾಮಲ್ಲಿ ಜೊತೆಗೆ ಬರ್ತದೆ. ಚಿಮ್ಮಿಸಿದ್ರೆ ಕಾರ್ಡ್ 0.05 ಸೆಕೆಂಡಲ್ಲಿ ಅಡಿಯಿಂದ ಹೋಗ್ತದೆ, ಅಷ್ಟರಲ್ಲಿ ನಾಣ್ಯ ಸರಿಯುದು ಅರ್ಧ ಗುಣಿಸು 3 ಗುಣಿಸು 0.05ರ ವರ್ಗ, ಅಂದ್ರೆ 4 ಮಿಲಿಮೀಟರ್ ಸಹ ಇಲ್ಲ. ಸರಿದದ್ದು ಸರಿದಿದೆ, ನಮಗೆ ಕಾಣಲಿಲ್ಲ, ಲೋಟದ ಬಾಯಿ ದೊಡ್ಡದು. ಎಂಟನೇ ಕ್ಲಾಸಿಗೆ ಈ ಲೆಕ್ಕ ಬೇಡ, "ನಾಣ್ಯಕ್ಕೆ ಬಲ ಬಿತ್ತು, ಆದ್ರೆ ಬಿದ್ದ ಹೊತ್ತು ಕಮ್ಮಿ" ಅಂದ್ರೆ ಸಾಕು. ಈಗ ನಾನು ನಿಧಾನ ಎಳೆಯುದನ್ನೇ ಮೊದಲು ಮಾಡಿಸ್ತೇನೆ, ಚಿಮ್ಮಿಸುದು ಆಮೇಲೆ. ಚಪ್ಪಾಳೆ ಕಮ್ಮಿ, ಪ್ರಶ್ನೆ ಜಾಸ್ತಿ.

ಲಕ್ಷಣ: ಸ್ಪೀಡ್ ಜಾಸ್ತಿ ಇದ್ರೆ ಆಕ್ಸಿಲರೇಷನ್ ಜಾಸ್ತಿ

ಇದಕ್ಕೆ ಮುಂಬೈ ಮಕ್ಕಳಿಗೆ ಮನೆ ಬಾಡಿಗೆಯಷ್ಟು ಒಳ್ಳೆ ಉದಾಹರಣೆ ಇಲ್ಲ. ತಿಂಗಳ ಬಾಡಿಗೆ ಅಂದ್ರೆ ವೇಗ, ಇಲ್ಲಿ ತನಕ ಕೊಟ್ಟ ಒಟ್ಟು ದುಡ್ಡು ಅಂದ್ರೆ ದೂರ, 11 ತಿಂಗಳ ಅಗ್ರಿಮೆಂಟ್ ಮುಗಿದಾಗ ಓನರ್ ಏರಿಸ್ತಾರಲ್ಲ ಆ ಏರಿಕೆ ವೇಗೋತ್ಕರ್ಷ. 12,000 ಇದ್ದದ್ದು 13,000, ಆಮೇಲೆ 14,000, ಪ್ರತಿ ಅಗ್ರಿಮೆಂಟಿಗೆ 1,000, ಒಂದೇ ಸಮದ ಏರಿಕೆ. ಪರೇಲಲ್ಲಿ 40,000 ಬಾಡಿಗೆ, ಐದು ವರ್ಷದಿಂದ ಓನರ್ ಏರಿಸಲೇ ಇಲ್ಲ ಅಂದ್ರೆ ವೇಗ ದೊಡ್ಡದು, ವೇಗೋತ್ಕರ್ಷ ಸೊನ್ನೆ. 2020ರ ಲಾಕ್‌ಡೌನಲ್ಲಿ ನಮ್ಮ ಓನರ್ 2,000 ಇಳಿಸಿದ್ರು, ಅದು ಮೈನಸ್ ವೇಗೋತ್ಕರ್ಷ, ಬಾಡಿಗೆ ಕೊಡುದಂತೂ ತಪ್ಪಲಿಲ್ಲ. ವೇಗೋತ್ಕರ್ಷ ಅನ್ನುವ ಶಬ್ದದಲ್ಲೇ ಉತ್ಕರ್ಷ ಕೂತಿರುದ್ರಿಂದ ಬ್ರೇಕ್ ಹಾಕುದೂ ಅದರಲ್ಲೇ ಸೇರ್ತದೆ ಅಂತ ಮಕ್ಕಳಿಗೆ ಹೊಳೆಯುದೇ ಇಲ್ಲ, ಮರಾಠಿ ಪುಸ್ತಕದವರ ತ್ವರಣ ಈ ವಿಷಯದಲ್ಲಿ ವಾಸಿ.

"ಸೆಕೆಂಡಿಗೆ ಸ್ಕ್ವೇರ್ ಎಲ್ಲಿಂದ ಬಂತು, ಸೆಕೆಂಡಿಗೆ ಉದ್ದ ಅಗಲ ಉಂಟಾ" ಅಂತ ಕೇಳಿದ್ರೆ ಆ ಯೂನಿಟ್ಟನ್ನ ಸ್ವಲ್ಪ ದಿನ ಪಕ್ಕಕ್ಕಿಡಿ. ಪ್ರತಿ ಸೆಕೆಂಡಿಗೆ ಇಷ್ಟು ಕಿಮೀ ಸ್ಪೀಡ್ ಏರಿತು ಅಂತ ಹೇಳ್ಲಿಕ್ಕೆ ಕಲಿಸಿ.

ಆಮೇಲೆ ಟ್ರೈನ್. ಭಾನುವಾರ ಮಧ್ಯಾಹ್ನದ ಸ್ಲೋ ಲೋಕಲ್, ಡೊಂಬಿವಲಿಯಿಂದ ಠಾಣೆ, ಕೂತ್ಕೊಂಡೇ ಮಾಡುದು, ಬಾಗಿಲ ಹತ್ರ ಯಾರನ್ನೂ ಬಿಡ್ಬೇಡಿ. 30 ಸೆಂಟಿಮೀಟರ್ ದಾರಕ್ಕೆ ಕೀ ಚೈನ್ ಕಟ್ಟಿ ಒಬ್ಬರು ಹಿಡಿಯುದು, ಇನ್ನೊಬ್ಬರು ಮೊಬೈಲಲ್ಲಿ ಜಿಪಿಎಸ್ ಸ್ಪೀಡ್ ಓದುದು, ಮೂರನೆಯವರು ಸೆಕೆಂಡ್ ಎಣಿಸುದು. ನಮ್ಮ ಮಕ್ಕಳಿಗೆ ದಿವಾ ಬಿಟ್ಟ ಮೇಲೆ 20 ಸೆಕೆಂಡಲ್ಲಿ ಗಂಟೆಗೆ 36 ಕಿಮೀ ಸ್ಪೀಡ್ ಸಿಕ್ಕಿತು, ಅಂದ್ರೆ ಸೆಕೆಂಡಿಗೆ 10 ಮೀಟರ್, 20ರಿಂದ ಭಾಗಿಸಿದ್ರೆ 0.5. ಆ ಹೊತ್ತಿಗೆ ಕೀ ಚೈನ್ ಒಂದೂವರೆ ಸೆಂಟಿಮೀಟರ್ ಹಿಂದೆ ವಾಲಿತ್ತು, ಭೂಮಿಯ ಎಳೆತದ ವೇಗೋತ್ಕರ್ಷ 9.8ಕ್ಕೆ 0.5 ಎಷ್ಟೋ 30ಕ್ಕೆ ಒಂದೂವರೆ ಸುಮಾರು ಅಷ್ಟೇ. ಸ್ಪೀಡ್ ಏರಿ ಏರಿ ಒಂದೇ ಸಮ ಆದ ಮೇಲೆ, ಹೊರಗೆ ಕಂಬಗಳು ಸರ್ ಸರ್ ಅಂತ ಹೋಗುವಾಗ, ದಾರ ನೆಟ್ಟಗೆ. ಬ್ರೇಕ್ ಬಿದ್ದಾಗ ಮುಂದೆ. ಎರಡನೇ ಪ್ರಶ್ನೆಗೆ "ಮುಂದಕ್ಕೆ ತುಂಬಾ ಬಲ" ಅಂದಿದ್ದ ಹುಡುಗನ ಕೈಯಲ್ಲೇ ನಾನು ದಾರ ಕೊಟ್ಟದ್ದು. ಅವನು ಅಷ್ಟು ಸ್ಪೀಡಲ್ಲಿ ದಾರ ಸುಮ್ಮನೆ ನೇತಾಡುದನ್ನ ನೋಡಿ ದಾರ ಹಾಳಾಗಿದೆ ಅಂದ.

ಮೇಲೆ ಎಸೆದ ಬಾಲು ತುದಿಯಲ್ಲಿ ನಿಂತಾಗ ವೇಗೋತ್ಕರ್ಷ ಸೊನ್ನೆ ಅನ್ನುವವರಿಗೆ ಒಂದೇ ಮಾತು: ವೇಗವೂ ಸೊನ್ನೆ, ವೇಗ ಬದಲಾಗುದೂ ಸೊನ್ನೆ ಅಂದ್ರೆ ಬಾಲು ಅಲ್ಲೇ ಜೇಡನ ಹಾಗೆ ನೇತಾಡ್ಬೇಕು. ಅಲ್ಲೂ 9.8 ಕೆಳಗೆ.

ಲಕ್ಷಣ: ಎಫ್ ಈಕ್ವಲ್ಸ್ ಎಂಎ ಬರ್ತದೆ, ಆದ್ರೆ ಎಫ್ ಯಾವುದು ಗೊತ್ತಿಲ್ಲ

ಎಫ್ ಅಂದ್ರೆ ಬಲ, ಎಂ ಅಂದ್ರೆ ರಾಶಿ, ಎ ಅಂದ್ರೆ ವೇಗೋತ್ಕರ್ಷ. ಮಕ್ಕಳು ಅದನ್ನ ಓದುದು "ಬಲ ಕೊಟ್ರೆ ಸ್ಪೀಡು" ಅಂತ. ಒಂದೇ ಬಲ ಕೊಡ್ತಾ ಇದ್ರೆ ಒಂದೇ ಸ್ಪೀಡು ಅಂತ. ಇದನ್ನ ಮುರೀಲಿಕ್ಕೆ ಲಗೇಜ್ ತೂಗುವ ಸ್ಪ್ರಿಂಗ್ ಕಾಂಟಾ, ಒಂದು ಜೊತೆ ರೋಲರ್ ಸ್ಕೇಟ್, ಹೆಲ್ಮೆಟ್ ಹಾಕಿದ ಒಂದು ಮಗು ಬೇಕು. ಸ್ಕೇಟ್ ಹಾಕಿದವನು ಹಗ್ಗ ಹಿಡಿದು ನಿಲ್ಲಬೇಕು, ಎಳೆಯುವವನು ಕಾಂಟಾದಲ್ಲಿ 2 ಕೆಜಿ ತೋರಿಸ್ತಾ ಇರುವ ಹಾಗೆ ಎಳೀಬೇಕು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಮೊದಲ ಎರಡು ಹೆಜ್ಜೆ ನಡೀತಾನೆ, ಆಮೇಲೆ ಬೇಗ ನಡೀತಾನೆ, ಆಮೇಲೆ ಓಡ್ಬೇಕಾಗ್ತದೆ, ಮುಳ್ಳು 2ರಲ್ಲಿ ನಿಲ್ಲಿಸ್ಲಿಕ್ಕೇ ಆಗುದಿಲ್ಲ. ಒಂದೇ ಬಲ, ಸ್ಪೀಡು ಏರ್ತಾ ಉಂಟು. ಸೊಸೈಟಿ ಪಾರ್ಕಿಂಗಲ್ಲಿ ಮಾಡಿದ್ದು, ಸೆಕ್ರೆಟರಿ ಬಂದು ಬೈದ್ರು, ಈಗ ಅವರ ಮಗಳೂ ಕ್ಲಾಸಿಗೆ ಬರ್ತಾಳೆ.

ಆಮೇಲೆ ಆ ಹಳೇ ಟ್ರೈನಿನ ಪ್ರಶ್ನೆಗೆ ವಾಪಸ್ ಬನ್ನಿ. ಮೋಟಾರ್ ಮುಂದಕ್ಕೆ, ಗಾಳಿ ಮತ್ತು ಘರ್ಷಣೆ ಹಿಂದಕ್ಕೆ, ಎರಡೂ ಸಮ, ಉಳಿದದ್ದು ಸೊನ್ನೆ, ಎ ಸೊನ್ನೆ. ಕೈಗಾಡಿಯವನೂ ಅಷ್ಟೇ, ಅವನು ತಳ್ಳುದು ಘರ್ಷಣೆಯ ಸಾಲ ತೀರಿಸ್ಲಿಕ್ಕೆ. ಎಫ್ ಅಂತ ಬರೆಯುವ ಜಾಗದಲ್ಲಿ ಒಂದು ವರ್ಷ ಪೂರ್ತಿ "ಉಳಿದ ಬಲ" ಅಂತ ಕನ್ನಡದಲ್ಲೇ ಬರೆಸಿ.

ನ್ಯೂಟನ್ ಯೂನಿಟ್ ಕೈಗೆ ಸಿಗದಿದ್ರೆ 100 ಗ್ರಾಂ ಬೆಣ್ಣೆ ಪ್ಯಾಕೆಟ್ ಅಂಗೈಯಲ್ಲಿಡಿ, ಅದು ಕೆಳಗೆ ಒತ್ತುದು 1 ನ್ಯೂಟನ್ ಹತ್ತಿರ. 40 ಕೆಜಿ ಮಗುವನ್ನ ಆ ಲೋಕಲ್ಲಿನ 0.5ರಲ್ಲಿ ಜೊತೆಗೆ ಕೊಂಡೋಗ್ಲಿಕ್ಕೆ ಬೇಕಾದ್ದು 20 ನ್ಯೂಟನ್, 20 ಪ್ಯಾಕೆಟ್ ಬೆಣ್ಣೆ, ನಿಂತಿದ್ರೆ ಅದನ್ನ ಕಂಬ ಮತ್ತು ಚಪ್ಪಲಿ ಸೇರಿ ಕೊಡ್ತವೆ.

ರಿಪೇರಿ ನಿಂತಿದೆಯಾ ಅಂತ ನೋಡುದು

ಮರುದಿನ ಟೆಸ್ಟ್ ಮಾಡ್ಬೇಡಿ, ಮರುದಿನ ಎಲ್ಲರೂ ಸರಿ ಹೇಳ್ತಾರೆ. ಎರಡು ಮೂರು ವಾರ ಬಿಟ್ಟು, ಬೇರೆ ವಸ್ತು ಹಿಡ್ಕೊಂಡು ಕೇಳಿ. ಸ್ಟ್ರೈಕರಲ್ಲಿ ಕಲಿಸಿದ್ರೆ ಕ್ರಿಕೆಟ್ ಬಾಲಲ್ಲಿ ಕೇಳಿ, ಬ್ಯಾಟ್ ಬಿಟ್ಟು ಬೌಂಡರಿ ಕಡೆ ಹಾರ್ತಾ ಇರುವಾಗ ಬಾಣ ಹಾಕು ಅಂತ. 18 ತಗೊಂಡ ಹುಡುಗಿ ಮೇಲ್ಮುಖ ಬಾಣ ಹಾಕಿ, ಒಂದು ನಿಮಿಷ ನೋಡಿ, "ಬ್ಯಾಟು ಮುಟ್ತಾ ಇಲ್ಲ" ಅಂತ ತನಗೇ ಹೇಳ್ಕೊಂಡು ಅಳಿಸಿದ್ಲು. ಭೂಮಿಯ ಬಾಣ ಇಟ್ಲು, ಗಾಳಿಯದ್ದು ಹಿಂದಕ್ಕೆ ಇಟ್ಲು. ಮೊದಲು ತಪ್ಪು ಹಾಕಿದ್ಲಲ್ಲ ಅಂತ ಮಾರ್ಕ್ಸ್ ಕಟ್ ಮಾಡ್ಬೇಡಿ, ಆ ಹಳೇ ಬಾಣ ಕೈಯಲ್ಲಿ ಇನ್ನೂ ಸ್ವಲ್ಪ ಕಾಲ ಬರ್ತಾನೇ ಇರ್ತದೆ.

ಮೊಬೈಲ್ ಆಪ್ ಬಗ್ಗೆ ಕೇಳುವವರಿಗೆ: ಜರ್ಮನಿಯ ಆಹೆನ್ ಯೂನಿವರ್ಸಿಟಿಯವರ ಫೈಫಾಕ್ಸ್, ಫೋನಿನ ಸೆನ್ಸರಲ್ಲೇ ಆಕ್ಸಿಲರೇಷನ್ ಅಳೆಯುವ ಆಪ್, ಫ್ರೀ ಉಂಟು, ಒಳ್ಳೇದೇ, ಆದ್ರೆ ಮೇಜಿನ ಮೇಲೆ ಸುಮ್ಮನೆ ಇಟ್ಟ ಫೋನಲ್ಲೇ ಅದು 9.8 ತೋರಿಸ್ತದೆ, ಮಕ್ಕಳು ಕಷ್ಟಪಟ್ಟು ಕಲಿತದ್ದೆಲ್ಲ ಒಂದೇ ಏಟಿಗೆ ಅಲ್ಲಾಡಿ ಹೋಗ್ತದೆ. ಅದರಲ್ಲೇ ಜಿ (ಭೂಮಿಯ ಎಳೆತದ ಆ 9.8) ಬಿಟ್ಟು ತೋರಿಸುವ ಇನ್ನೊಂದು ಆಪ್ಷನ್ ಉಂಟು, ಮೊದಲೇ ಅದನ್ನ ತೆರೆದಿಟ್ಟು ಫೋನ್ ಕೈಗೆ ಕೊಡಿ. ನಾನು ಮರೆತು ಕೊಟ್ಟಿದ್ದೆ, ಕಲಬುರಗಿ ಹುಡುಗ "ಮೇಜು ಓಡಾಕತ್ತೇತ್ರಿ ಟೀಚರ್" ಅಂದ.